ನಾಲಿಗೆ ಮೇಸ್ತ್ರಿಯೂ ಮದ್ದು ಕುಡಿದ ತೊಲೆಗಳೂ

ಮರ ಕೊಯ್ಯುವ ಮಿಲ್ಲಿನ ಮೇಸ್ತ್ರಿಗೆ ಕೈ ಎರಡು, ಕಣ್ಣು ಎರಡು, ಸವೆದ ಮಂಡಿ ಎರಡು. ಅಲ್ಲಿಯವರೆಗೆ ಅವನು ನಮ್ಮ ನಿಮ್ಮ ಹಾಗೇ. ನಾಲಿಗೆ ಮಾತ್ರ, ಒಂದೇ ಇದ್ದರೂ, ಹತ್ತು ಜನರ ಕೆಲಸ ಮಾಡುತ್ತಿತ್ತು. ಅದರಲ್ಲಿ ಒಂಬತ್ತು ಪಾಲು ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕೆ ಖರ್ಚಾಗುತ್ತಿತ್ತು. ಉಳಿದ ಒಂದು ಪಾಲಿನಲ್ಲಿ ಅವನು ಮರದ ಜಾತಿ ಹೇಳುತ್ತಿದ್ದ. ಗರಗಸದಿಂದ ಉದುರಿದ ಪುಡಿಯನ್ನು ಒಂದು ಚಿಟಿಕೆ ನಾಲಿಗೆಯ ತುದಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಹುಬ್ಬು ಮೇಲೆತ್ತಿ "ಬೀಟೆ" ಎಂದರೆ ಅದು ಬೀಟೆಯೇ. ಮರವೇ ಎದ್ದು ಬಂದು 'ಸ್ವಾಮಿ, ನಾನು ತೇಗ' ಎಂದರೂ ಯಾರೂ ನಂಬುತ್ತಿರಲಿಲ್ಲ. ಒಮ್ಮೆ ಹಲಸಿನ ಪುಡಿ ಚಪ್ಪರಿಸಿ, ಆ ಮರ ಬೆಳೆದದ್ದು ಬಾವಿಯ ಪಕ್ಕದಲ್ಲಿ, ಬಾವಿಯ ನೀರು ತುಸು ಸಪ್ಪೆ, ಮರದ ಮೇಲೊಂದು ಗಿಳಿಯ ಗೂಡಿತ್ತು, ಗೂಡಿನಲ್ಲಿ ಮೂರು ಮೊಟ್ಟೆ ಎಂದೆಲ್ಲ ಹೇಳಿದ್ದ. ಹೋಗಿ ನೋಡೋಣವೆಂದರೆ ಮರ ಅಲ್ಲಿರಲಿಲ್ಲವಲ್ಲ, ಆದ್ದರಿಂದ ಅದೂ ನಿಜವೇ ಆಯಿತು. ಹೀಗೆ ಅವನಿಗೆ ನಾಲಿಗೆ ಮೇಸ್ತ್ರಿ ಎಂಬ ಹೆಸರು ನಿಂತಿತು.

ಮಿಲ್ಲಿನಲ್ಲಿ ಇದಕ್ಕೊಂದು ಪದ್ಧತಿಯೇ ಬೆಳೆದಿತ್ತು. ಹೊಸ ಲೋಡು ಬಂದರೆ ಮೊದಲು ಒಂದು ತೊಲೆಯ ಅಂಚು ಕೊಯ್ದು ಯಂತ್ರ ನಿಲ್ಲಿಸಬೇಕು. ಎಲ್ಲರೂ ಕೈ ಕಟ್ಟಿ ಸುತ್ತ ನಿಲ್ಲಬೇಕು. ಮೇಸ್ತ್ರಿ ಪುಡಿಯ ರುಚಿ ನೋಡಬೇಕು. ಅವನ ಬಾಯಿಂದ ಹೆಸರು ಬಿದ್ದ ಮೇಲೆಯೇ ಕೊಯ್ಲು ಶುರು. ಮಿಲ್ಲಿನ ಧಣಿಗೆ ಆತುರಪ್ಪ ಎಂದು ಅಡ್ಡಹೆಸರು. ಊಟಕ್ಕೆ ಕೂರುವ ಮೊದಲೇ ಎದ್ದು ಕೈ ತೊಳೆಯುವ ಆಸಾಮಿ. ಅಂಥವನೂ ಆ ಒಂದು ನಿಮಿಷ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಗಿರಾಕಿಗಳು ಈ ಆಟ ನೋಡುವುದಕ್ಕೆಂದೇ ಬರುತ್ತಿದ್ದರು. ಮಂಡಿ ಹೋದಮೇಲೆ ತೊಲೆ ಹೊರಳಿಸುವುದು ಮೇಸ್ತ್ರಿಯಿಂದ ಆಗುತ್ತಿರಲಿಲ್ಲ. ಆದರೂ ಗರಗಸದ ಪಕ್ಕದಲ್ಲಿ ಅವನ ಎತ್ತರದ ಸ್ಟೂಲು ಅಲುಗಾಡದೆ ನಿಂತಿತ್ತೆಂದರೆ, ಅದು ಆ ನಾಲಿಗೆಯ ದೆಸೆಯಿಂದ.

ಇನ್ನು ಗುಟ್ಟು. ಆ ನಾಲಿಗೆ ಸತ್ತು ಮೂರು ವರ್ಷವಾಗಿತ್ತು.

ಮೂವತ್ತು ವರ್ಷದಲ್ಲಿ ಒಂದು ಕಾಡಿನಷ್ಟು ಮರ ತಿಂದ ನಾಲಿಗೆ, ಒಂದು ಚಳಿಗಾಲದ ನೆಗಡಿಯಲ್ಲಿ ಯಾರಿಗೂ ಹೇಳದೆ ಅಂಗಡಿ ಮುಚ್ಚಿತು. ಅದು ಗೊತ್ತಾದದ್ದು ಹೆಂಡತಿಗೆ. ಅವಳೂ ಮಿಲ್ಲಿನವಳೇ, ಗರಗಸದ ಹಲ್ಲುಗಳನ್ನು ಅರ ಹಿಡಿದು ತೀಡುವವಳು, ಆದ್ದರಿಂದ ಎಲ್ಲರ ಬಾಯಲ್ಲಿ ಹಲ್ಲಿನ ಡಾಕ್ಟರಮ್ಮ. ಒಂದು ಬೆಳಿಗ್ಗೆ ಡಬ್ಬಿಗಳು ಅದಲುಬದಲಾಗಿ ಅವಳು ಸಕ್ಕರೆಯ ಬದಲು ಉಪ್ಪು ಹಾಕಿದ ಚಹಾ ಕೊಟ್ಟಳು. ಮೇಸ್ತ್ರಿ ಎರಡು ಲೋಟ ಕುಡಿದು, "ಇವತ್ತು ಹದ ಅಂದ್ರೆ ಹದ ಕಣೇ" ಎಂದ. ಅವಳು ತನ್ನ ಲೋಟ ಬಾಯಿಗಿಟ್ಟಳು, ಉಗಿದಳು, ಗಂಡನ ಮುಖ ನೋಡಿದಳು. ಅಷ್ಟೇ. ಗುಟ್ಟು ಅಂದಿನಿಂದ ಇಬ್ಬರ ನಡುವೆಯೇ ಉಳಿಯಿತು. ಮೇಸ್ತ್ರಿ ಪುಡಿ ಚಪ್ಪರಿಸುವುದನ್ನೇನೂ ಬಿಡಲಿಲ್ಲ. ಬಣ್ಣ ನೋಡಿ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ, ತೂಕ ಅಂದಾಜು ಮಾಡಿ, ಉತ್ತರ ಸಿಕ್ಕಿದ ಮೇಲೆಯೇ ನಾಲಿಗೆ ಹೊರಹಾಕುತ್ತಿದ್ದ.

ಹೀಗಿರುವಾಗ ಶಾಲೆಯ ಊಟದ ಕೋಣೆಗೆ ಇಪ್ಪತ್ತು ಉದ್ದನೆಯ ಮೇಜು, ನಲವತ್ತು ಬೆಂಚು ಬೇಕೆಂದು ಹೆಡ್‌ಮಿಸ್ ಹೇಳಿ ಕಳಿಸಿದರು. ಹೊಸ ಮರವೇ ಆಗಬೇಕೆಂದಿಲ್ಲ, ಕೆಡವಿದ ಕಟ್ಟಡದ್ದಾದರೂ ಸರಿ, ಗಟ್ಟಿಯಾಗಿದ್ದರೆ ಸಾಕು ಎಂದಿದ್ದರು. ಆತುರಪ್ಪ ಮೂರೇ ದಿನದಲ್ಲಿ ಲೋಡು ತರಿಸಿದ. ಹಳೆಯ ಗೋದಾಮೊಂದರ ತೊಲೆಗಳನ್ನೂ ನದಿಯ ದಡದ ದೋಣಿಕಟ್ಟೆ ಕಿತ್ತ ತೊಲೆಗಳನ್ನೂ ವ್ಯಾಪಾರಿ ಬೆರೆಸಿ ಒಂದೇ ಲಾರಿಯಲ್ಲಿ ತುಂಬಿದ್ದ. ಲಾರಿ ಗೇಟಿನೊಳಗೆ ಬಂದಾಗ ಬೀದಿ ಅರ್ಧ ಅಡಿ ಕುಸಿದು, ಎದುರುಮನೆಯ ಕಿಟಕಿಗಳು ತಾವಾಗಿಯೇ ಮುಚ್ಚಿಕೊಂಡವು. ಬಿಸಿಲು ಮಳೆ ತಿಂದ ತೊಲೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದ್ದವು. ಯಾವುದು ಗೋದಾಮಿನದು, ಯಾವುದು ದಡದ್ದು ಎಂದು ಅವುಗಳನ್ನು ಹೆತ್ತ ಮರವೂ ಹೇಳಲಾರದಷ್ಟು ಒಂದೇ ಥರ.

ಮೇಸ್ತ್ರಿ ಕುಂಟುತ್ತ ಹೋಗಿ ಎಲ್ಲಕ್ಕಿಂತ ದಪ್ಪದ ಒಂದು ತೊಲೆಯನ್ನು ಮೈದಡವಿದ.

"ನೋಡ್ರಪ್ಪಾ ನೋಡಿ! ಎಷ್ಟು ವರ್ಷ ಬಿಸಿಲು ಮಳೇಲಿ ನಿಂತಿತ್ತೋ. ಒಂದು ತೂತು ಇದೆಯಾ? ಒಂದು ಹುಳ ಮುಟ್ಟಿದೆಯಾ? ಗೆದ್ದಲು ಇದರ ಹತ್ರ ಬಂದು, ಸಲಾಂ ಹೊಡ್ದು ವಾಪಸ್ ಹೋಗಿದೆ. ಮರ ಅಂದ್ರೆ ಇದು!"

"ಗೆದ್ದಲು ಯಾಕೆ ವಾಪಸ್ ಹೋಯ್ತು ಮಾವ?"

ಕೇಳಿದವಳು ಸೊಸೆ. ಮೇಸ್ತ್ರಿಯ ಮಗ ಕರೆಂಟಿನ ಕೆಲಸದವನು. ಅವನ ಕೈ ಹಿಡಿದು ಬಂದ ಈ ಹುಡುಗಿ ಮಿಲ್ಲಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಹಳೆಯ ಮರದೊಳಗೆ ಅವಿತ ಮೊಳೆಗಳನ್ನು ಕಂಡುಹಿಡಿಯುವ ಕೂಗುಯಂತ್ರವೊಂದನ್ನು ತೊಲೆಯ ಮೇಲೆ ಆಡಿಸಿ, ಕೂಗಿದಲ್ಲಿ ಮೊಳೆ ಕೀಳುವುದು ಅವಳ ಕೆಲಸ. ಒಂದು ಮೊಳೆ ತಪ್ಪಿದರೂ ಗರಗಸದ ಹಲ್ಲು ಹಾರಿ ಗೋಡೆಗೆ ನಾಟುತ್ತದೆ. ಅತ್ತೆಗೆ ಅರ್ಧ ದಿನದ ಕೆಲಸ. ಹಾಗಾಗಿ ಅತ್ತೆ ಸೊಸೆಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

"ಯಾಕೆ ಅಂದ್ರೆ? ಜಾತಿ ಮರ ಕಣಮ್ಮ. ಹಲ್ಲು ಮುರಿಯತ್ತೆ ಅಂತ."

"ಅಲ್ಲ ಮಾವ. ಇಲ್ಲಿ ನೋಡಿ." ತೊಲೆಯ ಮೈಮೇಲೆ ಸಾಲುಸಾಲಾಗಿ ಅಕ್ಕಿಕಾಳಿನುದ್ದದ ಗೀರುಗಳಿದ್ದವು, ಅಳತೆ ಹಿಡಿದು ಚುಚ್ಚಿದ ಹಾಗೆ. ಅವಳು ಚಾಕುವಿನಿಂದ ಬೂದು ಸಿಪ್ಪೆಯನ್ನು ಉಗುರಿನಗಲ ಎಬ್ಬಿಸಿದಳು. ಒಳಗೆ ಮರ ತಿಳಿಹಸಿರಾಗಿತ್ತು. "ಇದು ಮದ್ದು ಕುಡಿದ ಮರ. ನಾನು ಮೊದಲಿದ್ದ ಮರದ ಕಂಬದ ಕಾರ್ಖಾನೇಲಿ ದಿನಾ ಇದೇ ಕೆಲಸ. ಮೈಯೆಲ್ಲ ಚುಚ್ಚಿ, ಕಬ್ಬಿಣದ ದೊಡ್ಡ ಪೀಪಾಯಿಯೊಳಗೆ ಹಾಕಿ, ಮದ್ದಿನ ನೀರನ್ನ ಒತ್ತಿ ಒತ್ತಿ ಕುಡಿಸ್ತಾರೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ಕು. ಆರ್ಸೆನಿಕ್ಕು ಅಂದ್ರೆ ಪಾಷಾಣ."

ಪಾಷಾಣ ಎಂದ ಕೂಡಲೇ ಲೋಡು ಇಳಿಸುತ್ತಿದ್ದವರು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು. ಆಮೇಲೆ ಪ್ಯಾಂಟನ್ನು ಏನು ಮಾಡುವುದೆಂದು ನೋಡತೊಡಗಿದರು.

"ಅಯ್ಯೋ, ಯಾವ ಕಾಲದ್ದೋ ಏನೋ," ಎಂದ ಆತುರಪ್ಪ. "ಅಷ್ಟು ವರ್ಷದ ಮಳೇಲಿ ತೊಳ್ಕೊಂಡು ಹೋಗಿರತ್ತೆ ಬಿಡಮ್ಮ."

"ಇಲ್ಲ ಧಣಿ, ಒಳಗೇ ಕೂತಿರತ್ತೆ. ಅದರ ಪಾಡಿಗೆ ಬಿಟ್ರೆ ಸುಮ್ನಿರತ್ತೆ. ಕೊಯ್ದ್ರೆ ಪುಡಿಯಾಗಿ ಹೊರಗೆ ಬರತ್ತೆ. ನಮ್ಮ ಮೂಗಿಗೆ, ಬಾಯಿಗೆ, ಬಟ್ಟೆಗೆ. ಮಿಕ್ಕ ಪುಡಿನ ಕೋಳಿ ಸಾಕೋ ಅಕ್ಕ ಗೂಡಿಗೆ ಹಾಸೋಕೆ ತಗೊಂಡು ಹೋಗ್ತಾರೆ. ತುಂಡುಗಳು ಯಾರ್ದೋ ಒಲೆಗೆ ಹೋಗತ್ತೆ. ಉರಿಸಿದ್ರೆ ಹೊಗೇನೂ ವಿಷ, ಬೂದೀನೂ ವಿಷ. ಇನ್ನು ಮೇಜು ಮಾಡಿದ್ರೆ..." ಅವಳು ನಿಲ್ಲಿಸಿದಳು. "ಮಕ್ಕಳು ತಟ್ಟೇಲಿರೋದು ಬಿಟ್ಟು ಮೇಜಿನ ಮೇಲೆ ಚೆಲ್ಲಿದ್ದನ್ನೇ ಎತ್ತಿ ತಿನ್ನೋದು ಧಣಿ."

ಆತುರಪ್ಪ ಒಂದು ಗಳಿಗೆ ತಲೆ ಕೆರೆದುಕೊಂಡ. ಅಷ್ಟು ಹೊತ್ತು ಅವನು ಯೋಚಿಸಿದ್ದು ಅದೇ ಮೊದಲು ಅಂತ ಕಾಣುತ್ತದೆ. ಆಮೇಲೆ ಮುಖ ಅರಳಿತು.

"ನಾವ್ಯಾಕೆ ಜಗಳ ಆಡ್ಬೇಕು? ನಮ್ಮ ಹತ್ರ ನಾಲಿಗೆ ಇದೆ! ನಾಳೆ ಹನ್ನೊಂದಕ್ಕೆ ಹೆಡ್‌ಮಿಸ್ ಬರ್ತಾರೆ. ಅವರ ಮುಂದೇನೇ ಮೇಸ್ತ್ರಿ ರುಚಿ ನೋಡ್ಲಿ. ಮದ್ದಿದೆ ಅಂದ್ರೆ ಪಕ್ಕಕ್ಕೆ, ಇಲ್ಲ ಅಂದ್ರೆ ಗರಗಸಕ್ಕೆ. ಏನು ಮೇಸ್ತ್ರಿ, ಮದ್ದು ಗೊತ್ತಾಗಲ್ವಾ ನಿಮ್ಗೆ?"

ಸುತ್ತ ಎಂಟು ಜನ ನಿಂತಿದ್ದರು. ಎಂಟು ಜನ ನಿಂತಿದ್ದಾಗ ಮೇಸ್ತ್ರಿಯ ಬಾಯಿ ಅವನ ಮಾತು ಕೇಳುತ್ತಿರಲಿಲ್ಲ.

"ಗೊತ್ತಾಗೋದಾ? ಸಮುದ್ರಕ್ಕೆ ಒಂದು ತೊಟ್ಟು ಮದ್ದು ಹಾಕಿ. ಯಾವ ದಡದಲ್ಲಿ ನಿಂತು ಹಾಕಿದ್ರಿ, ಎಡಗೈಯಲ್ಲೋ ಬಲಗೈಯಲ್ಲೋ, ಅದನ್ನೂ ಹೇಳ್ತೀನಿ!"

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ನಾಲಿಗೆ ಮಾತ್ರ ಹಲ್ಲಿನ ಹಿಂದೆ ಅವಿತುಕೊಂಡಿತು.

ಸಾಯಂಕಾಲ ಮನೆಯಲ್ಲಿ ಸೊಸೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಮಿಲ್ಲಿನ ಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕಿ ಬಂದು ಊಟಕ್ಕೆ ಕೂತಳು.

"ಮಾವ, ಎಲ್ಲಾ ತೊಲೆ ಮೇಲೂ ಗೀರು ಕಾಣಲ್ಲ, ಹಸಿರೂ ಮಾಸಿರತ್ತೆ. ಕಾರ್ಖಾನೇಲಿ ಒಂದು ಸೀಸೆ ಇತ್ತು. ಅದರ ಒಂದು ಹನಿನ ಹೊಸದಾಗಿ ಕೆರೆದ ಮರದ ಮೇಲೆ ಬಿಟ್ರೆ, ತಾಮ್ರದ ಮದ್ದಿದ್ರೆ ಕಡು ಗುಲಾಬಿ ಬಣ್ಣಕ್ಕೆ ತಿರುಗತ್ತೆ. ನಾಳೆ ಮೊದಲನೇ ಬಸ್ಸಿಗೆ ಹೋಗಿ ಇಸ್ಕೊಂಡು ಬರ್ತೀನಿ. ಹನ್ನೊಂದರೊಳಗೆ ಬಂದ್ಬಿಡ್ತೀನಿ. ನಾನು ಬರೋ ತನಕ ನೀವು ಬಾಯಿಗೆ ಹಾಕ್ಬೇಡಿ."

"ನನ್ನ ನಾಲಿಗೆ ಮೇಲೆ ನಂಬಿಕೆ ಇಲ್ವೇನಮ್ಮ?"

"ಇರೋದಕ್ಕೇ ಹೇಳ್ತಿರೋದು ಮಾವ. ಕಾರ್ಖಾನೇಲಿ ಎಲ್ಲರ ಹತ್ರ ನಿಮ್ಮ ನಾಲಿಗೆ ಬಗ್ಗೇನೇ ಹೇಳ್ಕೊಂಡಿದ್ದೆ ನಾನು. ಆದ್ರೆ ಆ ಮದ್ದಿಗೆ ರುಚೀನೇ ಇಲ್ಲ. ಹಾಳಾದ್ದು, ರುಚಿ ಇದ್ದಿದ್ರೆ ನಿಮ್ಮ ಕೈಯಿಂದ ತಪ್ಪಿಸ್ಕೋತಿತ್ತಾ?"

ಮೇಸ್ತ್ರಿ ತಟ್ಟೆ ಪಕ್ಕಕ್ಕೆ ಸರಿಸಿದ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ, ಈ ನಂಬಿಕೆಯನ್ನು ತಡೆದುಕೊಳ್ಳಲು ಬರಲಿಲ್ಲ.

ಸೊಸೆ ಒಳಗೆ ಹೋದ ಮೇಲೆ ಹೆಂಡತಿ ಹತ್ತಿರ ಸರಿದಳು. "ರೀ, ಹೇಳ್ಬಿಡಿ."

"ಏನಂತ?"

"ಅಂಗಡಿ ಮುಚ್ಚಿದೆ ಅಂತ."

"ಹೇಳಿದ್ರೆ ಆತುರಪ್ಪ ನನ್ನನ್ನ ಯಾವುದಕ್ಕೆ ಇಟ್ಕೋತಾನೆ? ಈ ಮಂಡಿ ನೋಡೋಕಾ? ಮಾರನೇ ದಿನಾನೇ ಸ್ಟೂಲು ಮನೆಗೆ ಕಳಿಸ್ತಾನೆ." ಮೇಸ್ತ್ರಿ ದನಿ ತಗ್ಗಿಸಿದ. "ಒಂದು ಉಪಾಯ ಇದೆ. ಬಾಯಿಗೆ ಹಾಕ್ಕೊಂಡ ಹಾಗೆ ಮಾಡಿ, ಥೂ ಮದ್ದು ಅಂತೀನಿ. ಸೊಸೆ ಮಾತೂ ಉಳೀತು, ನಾಲಿಗೆ ಮಾನಾನೂ ಉಳೀತು."

"ಆಮೇಲೆ ಎರಡನೇ ತೊಲೆ ತರ್ತಾರೆ. ಅದಕ್ಕೇನಂತೀರಿ?"

"ಅದಕ್ಕೂ ಥೂ."

"ಮೂರನೇದಕ್ಕೆ? ಅರ್ಧ ಲೋಡು ಗೋದಾಮಿಂದು ರೀ, ಚಿನ್ನದಂಥ ಮರ. ಅದಕ್ಕೂ ಥೂ ಅಂತೀರಾ? ಇಲ್ಲ ಒಂದಕ್ಕೆ ಸರಿ ಅಂದು, ಅದು ಮದ್ದಿಂದೇ ಆಗಿ, ಮಕ್ಕಳ ತಟ್ಟೆ ಕೆಳಗೆ ಹೋದ್ರೆ?"

ಮೇಸ್ತ್ರಿ ಗಾಬರಿಯಾಗಿ ಖಾಲಿ ಲೋಟವನ್ನೇ ಎತ್ತಿ ಕುಡಿದ. ಗೋಡೆಯ ಗಡಿಯಾರ ಕೂಡ ಗಾಬರಿಯಾಗಿ ಎರಡು ಟಿಕ್ ತಪ್ಪಿಸಿತು.

ಮಾರನೆಯ ದಿನ ಹೆಡ್‌ಮಿಸ್ ಹತ್ತು ಗಂಟೆಗೇ ಬಂದರು. ಆತುರಪ್ಪ ಅವರಿಗೆ ಕುರ್ಚಿ ಹಾಕಿಸಿ, ಕೂರುವಷ್ಟರಲ್ಲಿ ಏಳಿಸಿ, ಗರಗಸದ ಹತ್ತಿರ ಕರೆದುಕೊಂಡು ಹೋದ. ದಪ್ಪ ತೊಲೆ ಆಗಲೇ ಮೇಲೇರಿ ಮಲಗಿತ್ತು. ಬಸ್ಸಿನ ಸುಳಿವಿಲ್ಲ.

"ಶುರು ಮಾಡೋಣ! ಎಲ್ಲಿ, ಯಂತ್ರ ಹಾಕ್ರೋ!"

"ಹಲ್ಲು ಸರಿ ಇಲ್ಲ ಧಣಿ," ಎಂದಳು ಡಾಕ್ಟರಮ್ಮ. ಗರಗಸದ ಪಟ್ಟಿಯನ್ನು ಬೆಳಿಗ್ಗೆಯೇ ಬಿಚ್ಚಿ ತನ್ನ ಮೇಜಿನ ಮೇಲೆ ಹರಡಿಕೊಂಡಿದ್ದಳು.

"ನಿನ್ನೆ ಸಾಯಂಕಾಲ ತಾನೆ ತೀಡಿದ್ರಲ್ಲ!"

"ನಿನ್ನೆ ಚೆನ್ನಾಗಿತ್ತು. ಇವತ್ತು ಎರಡು ಹಲ್ಲು ಅಲುಗಾಡ್ತಿದೆ. ವಯಸ್ಸಾಗಿದೆ, ಏನು ಮಾಡೋದು. ಹನ್ನೊಂದಾಗತ್ತೆ."

ಉಕ್ಕಿನ ಪಟ್ಟಿಯ ಹಲ್ಲು ಒಂದೇ ರಾತ್ರಿಯಲ್ಲಿ ಹೇಗೆ ಅಲುಗಾಡುತ್ತದೆ ಎಂದು ಯೋಚಿಸುವ ಸಮಾಧಾನ ಆತುರಪ್ಪನಿಗೆಲ್ಲಿ? "ಹಾಗಾದ್ರೆ ಕೈಗರಗಸ ಕೊಡ್ರೋ!" ಎಂದು ತಾನೇ ಕಿತ್ತುಕೊಂಡು ತೊಲೆಯ ಅಂಚಿನಲ್ಲಿ ಗರಗರ ಎಳೆದ. ಕೆಳಗೆ ಹಿಡಿದ ಕಾಗದದ ಮೇಲೆ ಎರಡು ಚಿಟಿಕೆ ಪುಡಿ ಬಿತ್ತು. ಅದನ್ನು ತಂದು ಮೇಸ್ತ್ರಿಯ ಗಲ್ಲದ ಕೆಳಗೆ ಹಿಡಿದ.

"ನೋಡಿ ಮಿಸ್, ಇದನ್ನ ನೀವು ಎಲ್ಲೂ ನೋಡಿರಲ್ಲ. ಮೇಸ್ತ್ರಿ, ಹ್ಞೂಂ!"

ಎಲ್ಲರೂ ಕೈ ಕಟ್ಟಿ ಸುತ್ತ ನಿಂತರು. ಎಂಥ ಮೌನವೆಂದರೆ ತಗಡಿನ ಮಾಡಿನ ಮೇಲೆ ಗುಬ್ಬಿ ಉಗುರು ಕೆರೆದದ್ದು ಗುಡುಗಿದ ಹಾಗೆ ಕೇಳಿಸಿತು. ಮೇಸ್ತ್ರಿ ಕಾಗದದ ಮೇಲಿನ ಪುಡಿ ನೋಡಿದ. ನೆರಳಲ್ಲಿ ಅದು ಬರೀ ಪುಡಿ. ಸ್ವಲ್ಪ ಬೆಳಕಿಗೆ ವಾಲಿಸಿದರೆ, ಹಸಿರೋ ಅಲ್ಲವೋ ಎಂಬಂಥ ಹಸಿರು. ಥೂ ಎಂದುಬಿಡಲು ತುಟಿ ಸಿದ್ಧವಾಗಿತ್ತು. ಅಷ್ಟರಲ್ಲಿ ಗರಗಸದ ಆಚೆ, ಎರಡನೆಯ ತೊಲೆಗೆ ಹಗ್ಗ ಬಿಗಿದು ಕಾಯುತ್ತ ನಿಂತವರು ಕಣ್ಣಿಗೆ ಬಿದ್ದರು. ಅವರ ಹಿಂದೆ ಇನ್ನೂ ನಲವತ್ತನಾಲ್ಕು ತೊಲೆ. ಒಂದೊಂದೂ ಬೂದು ಮುಖ ಮಾಡಿಕೊಂಡು, ನನಗೇನಂತೀಯಪ್ಪಾ ಎಂದು ಕೇಳುತ್ತಿತ್ತು.

"ಮೇಸ್ತ್ರೀ?"

"ಧಣಿ," ಎಂದ ಮೇಸ್ತ್ರಿ. ಕಾಗದವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಮಡಚಿದ. "ನನ್ಗೆ ಗೊತ್ತಾಗಲ್ಲ. ಈ ನಾಲಿಗೆ ಮೂರು ವರ್ಷದಿಂದ ರಜಾದಲ್ಲಿದೆ."

ಎಲ್ಲರೂ ಘೊಳ್ಳೆಂದು ನಕ್ಕರು. ಮೇಸ್ತ್ರಿಯ ಬಾಯಿಂದ ನಿಜ ಬಂದರೆ ಗುರುತು ಹಿಡಿಯುವ ಅಭ್ಯಾಸ ಯಾರಿಗೂ ಇರಲಿಲ್ಲ.

"ನಗ್ಬೇಡ್ರೋ! ಆಣೆ ಮಾಡಿ ಹೇಳ್ತೀನಿ, ಉಪ್ಪು ಗೊತ್ತಾಗಲ್ಲ, ಖಾರ ಗೊತ್ತಾಗಲ್ಲ, ಮರ ಮೊದಲೇ ಗೊತ್ತಾಗಲ್ಲ. ಬೇಕಾದ್ರೆ ಇವಳನ್ನ ಕೇಳಿ."

"ಹೌದು," ಎಂದಳು ಹೆಂಡತಿ, ಅರ ಕೆಳಗಿಡುತ್ತ. "ಮೂರು ವರ್ಷದಿಂದ ನನ್ನ ಅಡುಗೆನ ಒಂದು ದಿನಾನೂ ಬೈದಿಲ್ಲ. ಇನ್ನೇನು ಸಾಕ್ಷಿ ಬೇಕು?"

ಈಗ ನಗು ನಿಂತಿತು. ಆತುರಪ್ಪ ಮುಂದೆ ಬಂದ.

"ಹಾಗಾದ್ರೆ... ಹಾಗಾದ್ರೆ ನಮ್ಮನೆ ಮುಂಬಾಗಿಲು?"

"ಅದು ಬೀಟೆನೇ ಧಣಿ."

"ರುಚಿ ನೋಡಿ ತಾನೆ ಹೇಳಿದ್ರಿ! ಹೋದ ವರ್ಷ!"

"ಕಣ್ಣಲ್ಲಿ ನೋಡಿದ್ದೆ, ಬೆರಳಲ್ಲಿ ತಟ್ಟಿದ್ದೆ, ಎತ್ತಿ ತೂಕ ನೋಡಿದ್ದೆ. ನಾಲಿಗೆ ಬರೀ ನಿಮ್ಮ ಸಂತೋಷಕ್ಕೆ ಹೊರಗೆ ಹಾಕಿದ್ದು. ಹೆಸರೆಲ್ಲ ನಿಜ ಧಣಿ, ನಾಲಿಗೆ ಒಂದೇ ಸುಳ್ಳು. ಆದ್ರೆ ಈ ಮದ್ದಿದೆಯಲ್ಲ, ಇದು ತಟ್ಟಿದ್ರೆ ಕೇಳ್ಸಲ್ಲ, ತೂಗಿದ್ರೆ ಗೊತ್ತಾಗಲ್ಲ. ನಮ್ಮ ಸೊಸೆ ಸೀಸೆ ತರೋಕೆ ಹೋಗಿದ್ದಾಳೆ. ಅವಳು ಬರೋ ತನಕ ಒಂದು ತೊಲೆನೂ ಕೊಯ್ಯೋದು ಬೇಡ. ಸ್ಟೂಲು ಬೇಕಾದ್ರೆ ಈಗ್ಲೇ ಎತ್ಕೊಂಡು ಹೋಗ್ತೀನಿ."

ಆತುರಪ್ಪ ಉತ್ತರ ಕೊಡುವ ಮೊದಲೇ ಹೆಡ್‌ಮಿಸ್ ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದು, ಗಟ್ಟಿಯಾಗಿ ಊರಿ ಕೂತರು.

"ನನಗೇನೂ ಅವಸರ ಇಲ್ಲ. ಕಾಯೋಣ."

ಕಾದರು. ಆತುರಪ್ಪ ಕಾಯುವುದು ನೋಡಬೇಕಿತ್ತು. ಗೇಟಿಗೂ ಗರಗಸಕ್ಕೂ ಎಷ್ಟು ಸಲ ಓಡಾಡಿದನೆಂದರೆ ಅಷ್ಟು ನಡೆದಿದ್ದರೆ ತಾನೇ ಕಂಬದ ಕಾರ್ಖಾನೆ ಮುಟ್ಟಿ ಸೀಸೆ ತಂದುಬಿಡುತ್ತಿದ್ದ. ಹನ್ನೊಂದೂ ಕಾಲಿಗೆ ಬಸ್ಸು ಬಂತು. ಸೊಸೆ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬಿಚ್ಚಿದ ಚಪ್ಪಲಿ ಹಿಡಿದು ಓಡಿ ಬಂದಳು. ಬಂದವಳೇ ಮೊದಲು ಕೇಳಿದ್ದು, "ಮಾವ, ಬಾಯಿಗೆ ಹಾಕಿಲ್ಲ ತಾನೆ?"

"ಇಲ್ಲ ಮಗಳೇ. ಹಾಕಿದ್ರೂ ಉಪಯೋಗ ಇರ್ಲಿಲ್ಲ. ಆಮೇಲೆ ಹೇಳ್ತೀನಿ, ಮೊದಲು ನಿನ್ನ ಸೀಸೆ ತೆಗಿ."

ಕಿತ್ತಳೆ ಬಣ್ಣದ ನೀರು ತುಂಬಿದ, ಹೆಬ್ಬೆರಳಿನಷ್ಟು ಸೀಸೆ. ದಪ್ಪ ತೊಲೆಯ ಮೇಲೆ ಉಗುರಿನಗಲ ಕೆರೆದು ಸೊಸೆ ಒಂದು ಹನಿ ಬಿಟ್ಟಳು. ಹನಿ ಒಂದು ಕ್ಷಣ ಕಿತ್ತಳೆಯಾಗಿಯೇ ಇತ್ತು. ಆಮೇಲೆ ನೋಡನೋಡುತ್ತಿದ್ದಂತೆ ಅಂಚಿನಿಂದ ಬಣ್ಣ ಏರಿ, ನಾಚಿದವಳ ಕೆನ್ನೆಯಂತಾಗಿ, ಕಡೆಗೆ ಇಡೀ ಮಿಲ್ಲೇ ಗುಲಾಬಿಯಾಯಿತೇನೋ ಎಂಬಷ್ಟು ಗಾಢವಾಯಿತು. ಗೆದ್ದಲು ಸಲಾಂ ಹೊಡೆದ ತೊಲೆ ಅದೇ. ಆತುರಪ್ಪ ತನ್ನ ಅಂಗೈ ನೋಡಿಕೊಂಡ. ಕೈಗರಗಸ ಎಳೆದವನು ಅವನೇ ತಾನೆ.

"ಹೋಗಿ ಸೋಪು ಹಚ್ಚಿ ತೊಳ್ಕೊಳ್ಳಿ ಧಣಿ. ಮುಖಾನೂ. ಆ ಪುಡಿನ ಗುಡಿಸ್ಬೇಡ್ರಪ್ಪ, ಹಾರತ್ತೆ. ಒದ್ದೆ ಬಟ್ಟೇಲಿ ಒರೆಸಿ ಚೀಲಕ್ಕೆ ಹಾಕಿ. ಮಾವ, ಆ ಕಾಗದಾನೂ ಕೊಡಿ."

ಆತುರಪ್ಪ ಬದುಕಿನಲ್ಲಿ ಮೊದಲ ಸಲ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ.

ಆಮೇಲೆ ಒಂದೊಂದೇ ತೊಲೆ. ಮೇಸ್ತ್ರಿ ಚಾಕು ಹಿಡಿದು ಕೆರೆಯುವುದು, ಸೊಸೆ ಹನಿ ಬಿಡುವುದು, ಹೆಡ್‌ಮಿಸ್ ಎಣಿಸುವುದು. ಗುಲಾಬಿಯಾದದ್ದು ಎಡಕ್ಕೆ, ಕಿತ್ತಳೆಯಾಗಿಯೇ ಉಳಿದದ್ದು ಬಲಕ್ಕೆ.

"ಹನಿ ತಾಮ್ರಾನ ಮಾತ್ರ ಹಿಡಿಯತ್ತೆ ಮಾವ," ಎಂದಳು ಸೊಸೆ. "ಡಾಂಬರು ಬಳಿದದ್ದು, ಹಳೇ ಬಣ್ಣ ಇರೋದು, ಎಣ್ಣೆ ಕುಡಿದದ್ದು, ಅದಕ್ಕೆ ಇದು ಸುಮ್ನಿರತ್ತೆ. ಅದನ್ನ ಕಣ್ಣೇ ಹಿಡೀಬೇಕು."

"ಕಣ್ಣು ತಾನೆ? ಅದು ನನ್ಗೆ ಬಿಡು."

ಬಿಟ್ಟಳು. ಬಲಗಡೆ ಇಟ್ಟಿದ್ದ ಒಂದು ತೊಲೆಯನ್ನು ಮೇಸ್ತ್ರಿ ಬಗ್ಗಿ ನೋಡಿ, "ಇದು ಬೇಡ" ಎಂದ. ಯಾರಿಗೂ ಏನೂ ಕಾಣಲಿಲ್ಲ. ಅವನು ಒಂದು ಹಳೆಯ ಗಂಟಿನ ಸಂದಿಯಲ್ಲಿ ಚಾಕುವಿನ ತುದಿ ಆಡಿಸಿದಾಗ ಸಾಸಿವೆಕಾಳಿನಷ್ಟು ಬಿಳಿಯ ಬಣ್ಣದ ಚೂರು ಎದ್ದಿತು. "ಇದಕ್ಕೆ ಒಂದು ಕಾಲದಲ್ಲಿ ಬಣ್ಣ ಹೊಡ್ದಿದ್ರು. ಸೀಸದ ಬಣ್ಣಾನೋ ಏನೋ, ನಮ್ಗೆ ಯಾಕೆ? ಆಚೆ ಇಡಿ." ಹೆಂಡತಿ ಮೂಸಿ ನೋಡಿ ಇನ್ನೊಂದನ್ನು ಆಚೆ ಹಾಕಿಸಿದಳು, ಡಾಂಬರಿನ ವಾಸನೆ ಬಿಸಿಲು ಬಿದ್ದ ಮೇಲೆ ಎದ್ದಿತ್ತು.

ಎಲ್ಲ ಮುಗಿದಾಗ ನಲವತ್ತಾರು ತೊಲೆಯಲ್ಲಿ ಇಪ್ಪತ್ತೊಂದು ಗುಲಾಬಿ, ಎರಡು ಅನುಮಾನದ್ದು, ಉಳಿದ ಇಪ್ಪತ್ಮೂರು ಶುದ್ಧ. ಹೆಡ್‌ಮಿಸ್ ಶುದ್ಧವಾದ ರಾಶಿಯ ಮುಂದೆ ನಿಂತು ಕೇಳಿದರು, "ಮೇಸ್ತ್ರಿಗಳೇ, ನಮ್ಮ ಮೇಜು ಯಾವ ಮರದ್ದಾಗತ್ತೆ ಹಾಗಾದ್ರೆ?"

ಮೇಸ್ತ್ರಿ ತೊಲೆ ತಟ್ಟಿದ. ಕಿವಿ ಇಟ್ಟ. ಕೆರೆದ ಜಾಗಕ್ಕೆ ಬೆರಳು ಒದ್ದೆ ಮಾಡಿ ಒತ್ತಿದ. ಅಭ್ಯಾಸಬಲದಿಂದ ನಾಲಿಗೆ ಅರ್ಧ ಹೊರಗೆ ಬಂದಿತ್ತು. ಸೊಸೆ ಕಣ್ಣು ಬಿಟ್ಟಳು, ಅದು ಒಳಗೆ ಹೋಯಿತು.

"ಈಗ್ಲೇ ಗೊತ್ತಿಲ್ಲ ಮಿಸ್. ಎರಡು ಜಾತಿ ಇರೋ ಹಾಗಿದೆ. ಅಂಚು ಕೊಯ್ದು ನೋಡ್ಬೇಕು. ಒಂದು ಗಂಟೆ ಕೊಡಿ."

"ಕೇಳಿದ್ರಾ!" ಎಂದು ಆತುರಪ್ಪ ಕೂಗಿದ. ಮೂರನೇ ಸಲ ಮುಖ ತೊಳೆದು ಆಗತಾನೆ ಬಂದಿದ್ದ. "ಮೇಸ್ತ್ರಿ ಗೊತ್ತಿಲ್ಲ ಅಂದ್ರು! ಮೂವತ್ತು ವರ್ಷದಲ್ಲಿ ಕೇಳದ ಮಾತು, ಇವತ್ತು ಎರಡನೇ ಸಲ." ಆಮೇಲೆ ಸ್ಟೂಲನ್ನು ತಾನೇ ಎತ್ತಿಕೊಂಡ. ಮೇಸ್ತ್ರಿ ಕುಂಟುತ್ತ ಹಿಂದೆಯೇ ಹೋದ. ಆತುರಪ್ಪ ಅದನ್ನು ಹೊತ್ತು ನೇರ ಗೇಟಿನ ಹತ್ತಿರ ಹೋಗಿ, ನೆರಳಿದ್ದ ಕಡೆ ಇಟ್ಟ. "ಇನ್ಮೇಲೆ ಇಲ್ಲಿ ಕೂತ್ಕೊಳ್ಳಿ. ಹಳೇ ಮರ ಯಾವುದೇ ಬರ್ಲಿ, ನೀವೂ ನಿಮ್ಮ ಸೊಸೆನೂ ನೋಡಿ ಹ್ಞೂಂ ಅನ್ನೋ ತನಕ ಒಳಗೆ ಬರಕೂಡ್ದು. ನನ್ನ ಆತುರಕ್ಕೆ ಒಬ್ರು ಅಡ್ಡ ಕೂತಿರ್ಬೇಕು. ಮತ್ತೆ ಮೇಸ್ತ್ರಿ, ಭಾನುವಾರ ಮನೆ ಕಡೆ ಬಂದು ಆ ಬಾಗಿಲು ಇನ್ನೊಂದು ಸಲ ನೋಡಿ."

"ಬೀಟೆನೇ ಧಣಿ."

"ಆದ್ರೂ ಬನ್ನಿ."

ಮಧ್ಯಾಹ್ನ ಎರಡಕ್ಕೆ ಗರಗಸದ ಹಲ್ಲುಗಳು ಅಲುಗಾಡುವುದನ್ನು ತಾವಾಗಿಯೇ ನಿಲ್ಲಿಸಿದ್ದವು. ಡಾಕ್ಟರಮ್ಮ ಪಟ್ಟಿ ಏರಿಸಿದಳು. ಸೊಸೆ ಚೀಲದಿಂದ ಎಲ್ಲರಿಗೂ ಒಂದೊಂದು ಮೂಗುಬಾಯಿ ಮುಚ್ಚುವ ಮುಸುಕು ತೆಗೆದುಕೊಟ್ಟಳು. ಮರ ಶುದ್ಧವಾದರೂ ಪುಡಿ ಪುಡಿಯೇ ಎಂದಳು. ಮೇಸ್ತ್ರಿಯೂ ಕಟ್ಟಿಕೊಂಡ. ಕಟ್ಟಿಕೊಂಡ ಮೇಲೆ ಮಾತಾಡಿದರೆ ಯಾರಿಗೂ ಕೇಳುತ್ತಿರಲಿಲ್ಲ, ಹಾಗಾಗಿ ಹುಟ್ಟಿದಾರಭ್ಯ ಮೊದಲ ಸಲ ಎರಡೂವರೆ ಗಂಟೆ ಮೌನವಾಗಿದ್ದ. ಹಲಗೆಗಳು ಒಂದರ ಹಿಂದೊಂದು ಬೆಣ್ಣೆಯಲ್ಲಿ ಎಳೆದ ಹಾಗೆ ಹೊರಬಂದವು, ಜೇನಿನ ಬಣ್ಣ, ಗೆರೆಗೆರೆಯಾಗಿ. ಅಂಚು ಕೊಯ್ದು ನೋಡಿದರೆ ಎರಡೇ ಜಾತಿ, ತೇಗ ಮತ್ತು ಮತ್ತಿ. ಎರಡನ್ನೂ ಅವನು ಬೆರಳಿನಿಂದ ಹೆಡ್‌ಮಿಸ್‌ಗೆ ತೋರಿಸಿಕೊಟ್ಟ.

ಮಾರನೆಯ ದಿನ ಮೂರು ಗಂಟೆಗೆ ಗುಲಾಬಿ ತೊಲೆಗಳನ್ನು ಹಾಗೆ ಹಾಗೇ, ಒಂದು ಹಲ್ಲೂ ಸೋಕಿಸದೆ, ವಾಪಸ್ ಒಯ್ಯಲು ವ್ಯಾಪಾರಿಯ ಲಾರಿ ಬಂತು. ಕೊಯ್ಯಕೂಡದು, ಸುಡಕೂಡದು ಎಂದು ಸೊಸೆ ಪ್ರತಿಯೊಂದರ ಮೇಲೂ ಕೆಂಪು ಬಣ್ಣದಲ್ಲಿ ಬರೆದಿದ್ದಳು. ಲಾರಿಯವನು ಗೇಟಿನ ಬಳಿ ಬೀಡಿ ಹಚ್ಚಲು ಹೋದ. ಮೇಸ್ತ್ರಿ ಸ್ಟೂಲಿನಿಂದಲೇ ಅವನನ್ನು ಹಿಡಿದು ಕೂರಿಸಿದ.

"ಈ ತೊಲೆ ನೋಡಿದೆಯೇನಯ್ಯಾ? ಇದರ ಒಂದು ಚಿಟಿಕೆ ಪುಡಿ ನನ್ನ ತುಟಿಯಿಂದ ಇಷ್ಟೇ ದೂರದಲ್ಲಿತ್ತು. ಒಂದು ಕೂದಲೆಳೆ. ಅರ್ಧ ಕೂದಲೆಳೆ! ಸುತ್ತ ಇನ್ನೂರು ಜನ ಉಸಿರು ಬಿಗಿಹಿಡಿದು ನಿಂತಿದ್ರು..."

ನಲವತ್ತೈದು ನಿಮಿಷವಾಯಿತು. ತೊಲೆಗಳೆಲ್ಲ ಲಾರಿಗೆ ಏರಿದವು. ಹಗ್ಗ ಬಿಗಿದಾಯಿತು. ಸೊಸೆ ಎರಡು ಸಲ ಗೇಟಿನ ಹತ್ತಿರ ಬಂದು ನಗು ತಡೆದುಕೊಂಡು ಹೋದಳು.

"ಮೇಸ್ತ್ರಿ," ಎಂದ ಲಾರಿಯವನು ಎದ್ದು ನಿಲ್ಲುತ್ತ, "ಕತೆ ಚೆನ್ನಾಗಿದೆ, ಆದ್ರೆ ಹೊರಡ್ಬೇಕು ನಾನು."

"ಎಲ್ಲಿಗಯ್ಯಾ ಹೊರಡೋದು? ಕೂತ್ಕೋ ಕೂತ್ಕೋ! ಕತೇಲಿ ನಮ್ಮ ಸೊಸೆ ಇನ್ನೂ ಬಸ್ಸೇ ಹತ್ತಿಲ್ಲ."